ದೊರೆ ಬಂಗಲೆ ಶಾಲೆಯಾದಾಗ: ಕೆಜಿಎಫ್‌ನ ಒಂದು ಹಿಂಬಾಗಿಲಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ಕೋಲಾರದಿಂದ ಮಾತಾಡ್ತಾ ಇದೀನಿ. ಸಾಮಾನ್ಯವಾಗಿ ಈ ಕಾರ್ಯಕ್ರಮದಲ್ಲಿ ಟೊಮೆಟೊ ಮಂಡಿ, ಬ್ಯಾಂಕ್ ಸಾಲ, ಜಿಎಸ್‌ಟಿ ಅಂತ ದುಡ್ಡಿನ ವಿಷಯಾನೇ ಮಾತಾಡ್ತೀನಿ. ಓದಿದ್ದು ಬಿ.ಕಾಂ., ಹಾಗಾಗಿ ಬಾಯಿಗೆ ಬರೋದೂ ಅದೇ. ಇವತ್ತು ಮಾತ್ರ ಒಂದು ಕಟ್ಟಡದ ಬಗ್ಗೆ ಹೇಳಬೇಕು.

ಹೋದ ತಿಂಗಳು ಅಕ್ಕ ಫೋನ್ ಮಾಡಿದ್ಲು. ಅವಳ ಮಗಳು ಕೆಜಿಎಫ್‌ನಲ್ಲಿ ಮೂರನೇ ಕ್ಲಾಸು. ನಾನೂ ಅಕ್ಕನೂ ಓದಿದ್ದ ಶಾಲೆನೇ. ಹೆಸರು ಹೇಳಲ್ಲ, ಬೇಕಾಗೂ ಇಲ್ಲ. "ಪೇರೆಂಟ್ಸ್ ಮೀಟಿಂಗ್ ಇದೆ, ಹಳೇ ಬಂಗಲೆ ಕೆಡವಿ ಮೂರು ಫ್ಲೋರ್ ಬಿಲ್ಡಿಂಗ್ ಕಟ್ತಾರಂತೆ. ನೀನೂ ಬಾ, ಏನಾದ್ರೂ ಕೇಳು" ಅಂದ್ಲು. ಹೋದೆ. ಅಲ್ಲಿ ನೋಡಿದ್ದು, ಆಮೇಲೆ ಓದಿ ತಿಳಿದಿದ್ದು, ಎರಡೂ ಸೇರಿ ಈ ಸಂಚಿಕೆ.

ಬಂಗಲೆಗಳು ಬಂದಿದ್ದು ಹೇಗೆ

ಮೊದಲು ಸ್ವಲ್ಪ ಹಿನ್ನೆಲೆ. ಕೋಲಾರದ ಚಿನ್ನದ ಬಗ್ಗೆ ಬ್ರಿಟಿಷರಿಗೆ ಖಚಿತವಾಗಿ ತಿಳಿದಿದ್ದು 1802ರಲ್ಲಿ, ಲೆಫ್ಟಿನೆಂಟ್ ಜಾನ್ ವಾರೆನ್ ಸರ್ವೆಗೆ ಬಂದಾಗ. ಊರಿನವರು ಆಗಲೇ ಮಣ್ಣು ತೊಳೆದು ಚಿನ್ನ ತೆಗೀತಾ ಇದ್ದರು. 1870ರ ದಶಕದಲ್ಲಿ ಮೈಕೆಲ್ ಲವೆಲ್ ಅನ್ನೋ ಮಾಜಿ ಸೈನಿಕ ಗಣಿ ತೋಡೋಕೆ ಮೈಸೂರು ಸರ್ಕಾರದಿಂದ ಅನುಮತಿ ಪಡೆದ. ಬೆಂಗಳೂರಿನ ಲ್ಯಾವೆಲ್ ರೋಡ್ ಇವನ ಹೆಸರಿಂದಲೇ ಬಂದಿದ್ದು. ಅವನ ಕೈಯಲ್ಲಿ ಬಂಡವಾಳ ಸಾಲಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಕಥೆನೇ ಬದಲಾಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬರೋಕೆ ಮುಂಚೆ ನಮ್ಮ ಗಣಿಗೆ ಬಂತು. ಕುಡಿಯೋ ನೀರು ಬೇತಮಂಗಲದ ಕೆರೆಯಿಂದ.

ಗಣಿ ಜೊತೆಗೆ ಮ್ಯಾನೇಜರು, ಎಂಜಿನಿಯರು, ಡಾಕ್ಟರು ಬಂದರು. ಅವರಿಗೆ ಗುಡ್ಡದ ಮೇಲೆ, ಗಾಳಿ ಬೀಸೋ ಕಡೆ ಬಂಗಲೆ. ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು. 'ಪುಟ್ಟ ಇಂಗ್ಲೆಂಡ್' ಅನ್ನೋ ಹೆಸರು ಬಂದಿದ್ದು ಹಾಗೆ. ಸುರಂಗಕ್ಕೆ ಇಳಿಯೋರಿಗೆ ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಸಾಲು ಮನೆಗಳ 'ಲೈನು'. ಒಂದು ಲೈನಿನ ಇಡೀ ಮನೆ ಬಂಗಲೆಯ ಒಂದು ಬಾತ್‌ರೂಮಿನಷ್ಟು ಅಂತ ನಮ್ಮ ಕಡೆ ಹಿರಿಯರು ಹೇಳ್ತಿದ್ದರು. ಅಳೆದು ನೋಡಿ ಹೇಳಿದ ಮಾತಲ್ಲ. ಆದರೆ ಆ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ.

ಮನೆ ಹೊರಗೆ ತಿರುಗಿದಾಗ

ನಮ್ಮ ಸೀಮೆಯ ಹಳೇ ಮನೆ ನೆನಪಿಸಿಕೊಳ್ಳಿ. ಚಪ್ಪಡಿ ಕಲ್ಲಿನ ಗೋಡೆ, ಮೇಲೂ ಕಲ್ಲು ಚಪ್ಪಡಿನೇ. ಸ್ವಲ್ಪ ಉಳ್ಳವರದ್ದಾದರೆ ನಡುವೆ ತೊಟ್ಟಿ. ಮನೆ ಮುಖ ಮಾಡೋದು ಒಳಗಡೆಗೆ. ಬೆಳಕು, ಮಳೆ, ಹೆಂಗಸರ ಕೆಲಸ, ಮಕ್ಕಳ ಆಟ ಎಲ್ಲಾ ತೊಟ್ಟಿಯ ಸುತ್ತ.

ಬಂಗಲೆ ಇದರ ತಿರುಗುಮುರುಗು. ನಡುವೆ ಅಂಗಳ ಇಲ್ಲ, ದೊಡ್ಡ ಹಾಲ್ ಇದೆ. ಅದರ ಎರಡೂ ಕಡೆ ಕೋಣೆಗಳು. ಸುತ್ತ ವೆರಾಂಡಾ, ಅದರಾಚೆ ತೋಟ, ತೋಟದಾಚೆ ಕಾಂಪೌಂಡು. ಮನೆ ನೋಡೋದು ಹೊರಗಡೆಗೆ. 'ಬಂಗಲೆ' ಅನ್ನೋ ಪದ ಕೂಡ ಇಂಗ್ಲೆಂಡಿನದ್ದಲ್ಲ, 'ಬಂಗಾಳದ ಮನೆ' ಅನ್ನೋ ಅರ್ಥದಿಂದ ಹೊರಟಿದ್ದು. ಬಂಗಾಳದ ಇಳಿಜಾರು ಚಾವಣಿಯ ಮನೆ ನೋಡಿ, ಅದಕ್ಕೆ ತಮ್ಮ ಊರಿನ ಚಿಮಣಿ, ಡೈನಿಂಗ್ ರೂಮು ಸೇರಿಸಿಕೊಂಡರು. ಹಾಗಾಗಿ ಇದನ್ನ ಪೂರ್ತಿ ಇಂಗ್ಲಿಷ್ ಮನೆ ಅನ್ನೋಕೂ ಆಗಲ್ಲ. ಮೇಲಿನ ಮಂಗಳೂರು ಹೆಂಚನ್ನೇ ನೋಡಿ. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಮೊದಲ ಕಾರ್ಖಾನೆ ಶುರು ಮಾಡಿದರು. ಅಂದರೆ ಜರ್ಮನ್ ಪಾದ್ರಿಗಳ ತಂತ್ರ, ನೇತ್ರಾವತಿ ದಂಡೆಯ ಜೇಡಿಮಣ್ಣು, ಬಂಗಾಳದ ಆಕಾರ, ಕೋಲಾರದ ಕಲ್ಲು. ಇಷ್ಟೂ ಸೇರಿ ನಮ್ಮ ಶಾಲೆ.

ಒಂದೊಂದು ಭಾಗಕ್ಕೂ ಒಂದೊಂದು ಕೆಲಸ ಇತ್ತು. ನಮ್ಮ ಶಾಲೆಯ ಗೋಡೆ ಸುಮಾರು ಒಂದೂವರೆ ಅಡಿ ದಪ್ಪ. ಇಟ್ಟಿಗೆ, ಸುಣ್ಣದ ಗಾರೆ. ಬೆಳಗಿನ ಬಿಸಿಲು ಆ ಗೋಡೆ ದಾಟಿ ಒಳಗೆ ಬರೋ ಹೊತ್ತಿಗೆ ಸಂಜೆ ಆಗಿರುತ್ತೆ. ಚಾವಣಿ ಎತ್ತರ, ಯಾಕೆಂದರೆ ಬಿಸಿಗಾಳಿ ಮೇಲೇರುತ್ತೆ. ಗೋಡೆಯ ತುದಿಯಲ್ಲಿ ಚಿಕ್ಕ ವೆಂಟಿಲೇಟರು, ಅದನ್ನ ತೆಗೆಯೋಕೆ ಉದ್ದ ಹಗ್ಗ. ಆ ಗಾಳಿ ಅಲ್ಲಿಂದ ಆಚೆ ಹೋಗುತ್ತೆ, ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತೆ. ಫ್ಯಾನ್ ಇಲ್ಲದೆ ನಡೆಯೋ ವ್ಯವಸ್ಥೆ. ವೆರಾಂಡಾ ಇರೋದು ಕೂರೋಕಷ್ಟೇ ಅಲ್ಲ, ಬಿಸಿಲು ನೇರವಾಗಿ ಗೋಡೆಗೆ ಬೀಳದ ಹಾಗೆ, ಮಳೆ ನೀರು ಗಾರೆ ಮುಟ್ಟದ ಹಾಗೆ ಹಿಡಿದ ಕೊಡೆ ಅದು. ಮುಂದಿನ ಕಿಟಕಿಗಳ ಮೇಲೆ ಮರದ ಪಟ್ಟಿ ಹೊಡೆದ ಚೂಪು ಟೋಪಿ. ಬೆಂಗಳೂರಿನವರು ಅದನ್ನ 'ಮಂಕಿ ಟಾಪ್' ಅಂತಾರೆ. ಚೆಂದಕ್ಕೆ ಅಂದುಕೊಂಡಿದ್ದೆ, ಅದೂ ಬಿಸಿಲು, ಮಳೆ ತಡೆಯೋಕೆ.

ನಾನು ಎಲ್‌ಕೆಜಿ ಕೂತಿದ್ದು ಡೈನಿಂಗ್ ರೂಮಲ್ಲಿ ಅಂತ ಈಗ ಗೊತ್ತಾಯಿತು. ಗೋಡೆಯಲ್ಲಿ ಒಂದು ದೊಡ್ಡ ಗೂಡಿತ್ತು, ಚಪ್ಪಲಿ ಅಲ್ಲೇ ಬಿಡ್ತಿದ್ವಿ. ಅದು ಚಳಿ ಕಾಯಿಸೋ ಒಲೆ, ಮೇಲೆ ಚಿಮಣಿ! ಕೋಲಾರದ ಧನುರ್ಮಾಸದ ಬೆಳಗ್ಗೆ ಗೊತ್ತಿರೋರಿಗೆ ಅದೇನೂ ದೊಡ್ಡ ವಿಚಿತ್ರ ಅನಿಸಲ್ಲ.

ಮನೆಗೆ ಒಪ್ಪಿದ್ದು, ಶಾಲೆಗೆ ಒಪ್ಪದ್ದು

ಈಗ ಇನ್ನೊಂದು ಮಗ್ಗುಲು. ಬಂಗಲೆ ಕಟ್ಟಿದ್ದು ಐದಾರು ಜನಕ್ಕೆ. ಅಲ್ಲಿ ಇನ್ನೂರು ಮಕ್ಕಳನ್ನ ಕೂರಿಸಿದರೆ ಏನಾಗುತ್ತೆ?

ಮೊದಲನೇದು ಶಬ್ದ. ಎತ್ತರದ ಚಾವಣಿ, ಬೋಳು ಗೋಡೆ, ಕಲ್ಲು ನೆಲ. ಆ ಕಾಲದಲ್ಲಿ ಕಾರ್ಪೆಟ್ಟು, ಪರದೆ, ಮೆತ್ತನೆ ಕುರ್ಚಿ ಎಲ್ಲಾ ಶಬ್ದ ಹೀರ್ತಿದ್ದವು. ಅವು ಹೋದ ಮೇಲೆ ಮಿಸ್ ಒಂದು ಸಲ ಹೇಳಿದ್ದು ನಮಗೆ ಎರಡು ಸಲ ಕೇಳ್ತಿತ್ತು. ಮಗ್ಗಿ ಹೇಳಿಸಿದರಂತೂ ಎರಡೊಂದ್ಲ ಎರಡು ಮುಗಿಯೋದ್ರೊಳಗೆ ಎರಡೆರಡ್ಲ ನಾಲ್ಕು ಬಂದು ಡಿಕ್ಕಿ ಹೊಡೀತಿತ್ತು.

ಎರಡನೇದು ಬೆಳಕು. ಅಂಚಿನ ಕೋಣೆಗಳು ಚೆನ್ನಾಗಿವೆ. ನಡುವಿನ ಹಾಲ್‌ಗೆ ಸುತ್ತ ಬೇರೆ ಕೋಣೆಗಳೇ ಇರೋದರಿಂದ ಬೆಳಕು ಬರೋದು ಮೇಲಿನ ವೆಂಟಿಲೇಟರಿಂದ ಮಾತ್ರ. ರಾತ್ರಿ ಪಾರ್ಟಿಗೆ ಅದು ಸಾಕು, ಬೋರ್ಡ್ ಓದೋಕೆ ಸಾಲಲ್ಲ.

ಮೂರನೇದು ಓಡಾಟ. ಬಂಗಲೆಯಲ್ಲಿ ಕಾರಿಡಾರ್ ಇಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ನೇರ ಬಾಗಿಲು. ನಾಲ್ಕನೇ ಕ್ಲಾಸಿನವರು ಹೊರಗೆ ಹೋಗಬೇಕಾದರೆ ಮೂರನೇ ಕ್ಲಾಸು ದಾಟಿ ಹೋಗಬೇಕು. ಅದಕ್ಕೆ ಶಾಲೆಯವರು ಒಳಬಾಗಿಲು ಮುಚ್ಚಿ ವೆರಾಂಡಾವನ್ನೇ ಕಾರಿಡಾರ್ ಮಾಡಿಕೊಂಡರು. ಜಾಣ ಪರಿಹಾರನೇ. ಆದರೆ ಮುಚ್ಚಿದ ಬಾಗಿಲ ಮುಂದೆ ಬೀರು ಇಟ್ಟರು. ಬೀರು ಪಕ್ಕ ಹಳೇ ಡೆಸ್ಕು. ಇದನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಇದರ ಮೇಲೆ ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆ ಕಟ್ಟಡಕ್ಕೆ ಏನೇನು ಇರಬೇಕು ಅಂತ ಪಟ್ಟಿ ಇದೆ. ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ತರಗತಿ ಕೋಣೆ, ಅಂಗವಿಕಲ ಮಕ್ಕಳೂ ತಡೆಯಿಲ್ಲದೆ ಒಳಗೆ ಬರೋ ದಾರಿ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಎಲ್ಲರಿಗೂ ಶುದ್ಧ ಕುಡಿಯೋ ನೀರು, ಆಟದ ಮೈದಾನ, ಕಾಂಪೌಂಡು ಅಥವಾ ಬೇಲಿ. ಬಂಗಲೆಗೆ ಮೈದಾನ, ಕಾಂಪೌಂಡು ಹುಟ್ಟಿನಿಂದಲೇ ಬಂದಿದೆ. ಆದರೆ ಮುಂದೆ ನಾಲ್ಕು ಮೆಟ್ಟಿಲು, ರ್‍ಯಾಂಪ್ ಇಲ್ಲ. ಶೌಚಾಲಯ ಬೇಕಾದಷ್ಟಿಲ್ಲ.

ಬೇರೆ ಕಡೆ ಏನು ಮಾಡಿದರು

ಮೀಟಿಂಗಿಗೆ ಹೋಗೋ ಮುಂಚೆ ನನಗೆ ಒಂದು ಪ್ರಶ್ನೆ ಇತ್ತು. ಮನೆಯನ್ನ ಶಾಲೆ ಮಾಡಿ ಉಳಿಸಿಕೊಂಡೋರು ಬೇರೆ ಯಾರಾದ್ರೂ ಇದ್ದಾರಾ? ಇದ್ದಾರೆ.

ಹತ್ತಿರದ್ದು ಊಟಿ. ಕೊಯಮತ್ತೂರು ಕಲೆಕ್ಟರ್ ಆಗಿದ್ದ ಜಾನ್ ಸುಲಿವನ್ 1822ರಲ್ಲಿ ಅಲ್ಲಿ ಕಟ್ಟೋಕೆ ಶುರು ಮಾಡಿದ ಸ್ಟೋನ್‌ಹೌಸ್ ಊಟಿಯ ಮೊದಲ ಯುರೋಪಿಯನ್ ಮನೆ. ಸ್ಥಳೀಯರ ಬಾಯಲ್ಲಿ ಅದು 'ಕಲ್ ಬಂಗ್ಲಾ'. ಇವತ್ತು ಅದು ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ.

ದೊಡ್ಡ ಉದಾಹರಣೆ ಇಂಗ್ಲೆಂಡಿನ ಸ್ಟೋ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿರೋ ಅರಮನೆಯಂಥ ಮನೆ. ವ್ಯಾನ್‌ಬ್ರೂ, ವಿಲಿಯಂ ಕೆಂಟ್, ರಾಬರ್ಟ್ ಆಡಂ ಥರದ ಆ ಕಾಲದ ಘಟಾನುಘಟಿ ವಾಸ್ತುಶಿಲ್ಪಿಗಳೆಲ್ಲ ಅದಕ್ಕೆ ಕೈ ಹಾಕಿದ್ದಾರೆ. ನನ್ನಂಥ ಕಾಮರ್ಸ್‌ನವರಿಗೆ ಇಷ್ಟವಾಗೋದು ಅದರ ಸಾಲದ ಕಥೆ. ಮಾಲೀಕರಾದ ಬಕಿಂಗ್‌ಹ್ಯಾಂ ಡ್ಯೂಕ್ ಸಾಲದಲ್ಲಿ ಮುಳುಗಿ, 1848ರಲ್ಲಿ ಮನೆಯ ಸಾಮಾನು ಹರಾಜಾಯಿತು. ಹರಾಜು ನಡೆದಿದ್ದು ನಲವತ್ತು ದಿನ! ಕೊನೆಗೆ 1920ರ ದಶಕದ ಶುರುವಿನಲ್ಲಿ ಮನೆನೂ ಕೈಬಿಟ್ಟಿತು. ಕೆಡವಿ ಕಲ್ಲು ಮಾರೋ ಸ್ಥಿತಿ. ಆಗ ಅದು ಶಾಲೆಯಾಯಿತು. 1923ರ ಮೇ 11ರಂದು 99 ಹುಡುಗರ ಜೊತೆ ಬಾಗಿಲು ತೆರೆಯಿತು. ಇವತ್ತಿಗೂ ಶಾಲೆನೇ.

ಆದರೆ ಶಾಲೆ ಆಗಿದ್ದಕ್ಕೂ ಒಂದು ಬೆಲೆ ಇತ್ತು. ಶಾಲೆಗೆ ಪ್ರಾರ್ಥನಾ ಮಂದಿರ ಬೇಕಿತ್ತು. ಅದಕ್ಕೆ ತೋಟದಲ್ಲಿದ್ದ ಹಳೇ ಮಂಟಪವೊಂದರ ಹದಿನಾರು ಕಂಬ ಕಿತ್ತು ತಂದರು. ಆ ಮಂಟಪವನ್ನ ಸರಿಪಡಿಸಿದ್ದು 1990ರ ದಶಕದಲ್ಲಿ. ಅಂದರೆ ಉಳಿಸೋರೂ ಒಂದಷ್ಟು ಕಿತ್ತೇ ಉಳಿಸ್ತಾರೆ. ಯಾವ ಕಂಬ ಕೀಳಬಹುದು, ಯಾವುದನ್ನ ಮುಟ್ಟಬಾರದು ಅನ್ನೋದೇ ಪ್ರಶ್ನೆ.

ಪುಸ್ತಕದಲ್ಲಿ ಸವೆಯೋದು, ನಿಜಕ್ಕೆ ಸವೆಯೋದು

ಮೀಟಿಂಗಲ್ಲಿ ಒಬ್ಬರು ಹೇಳಿದರು, "ಸಾರ್, ನೂರು ವರ್ಷದ ಬಿಲ್ಡಿಂಗು, ಅದರ ವ್ಯಾಲ್ಯೂ ಝೀರೋ." ಇದಕ್ಕೆ ಮಾತ್ರ ನಾನು ಸುಮ್ಮನಿರಲಿಲ್ಲ.

ಆದಾಯ ತೆರಿಗೆ ಲೆಕ್ಕದಲ್ಲಿ ಸವಕಳಿ ಅಂತ ಇದೆ. ವಾಸದ ಕಟ್ಟಡಕ್ಕೆ ವರ್ಷಕ್ಕೆ ಶೇ. 5, ಉಳಿದ ಸಾಮಾನ್ಯ ಕಟ್ಟಡಕ್ಕೆ ಶೇ. 10. ಪ್ರತಿ ವರ್ಷ ಉಳಿದ ಮೊತ್ತದ ಮೇಲೆ ಕಳೀತಾ ಹೋಗ್ತಾರೆ. ನೂರು ರೂಪಾಯಿ ಕಟ್ಟಡ ಇಪ್ಪತ್ತು ವರ್ಷ ಆದ ಮೇಲೆ, ಮನೆ ಆದರೆ ಸುಮಾರು 36 ರೂಪಾಯಿ, ಬೇರೆ ಬಳಕೆ ಆದರೆ ಸುಮಾರು 12 ರೂಪಾಯಿ ಉಳಿಯುತ್ತೆ. ಈ ಲೆಕ್ಕದಲ್ಲಿ ಸೊನ್ನೆ ಯಾವತ್ತೂ ಬರೋದೇ ಇಲ್ಲ, ಅದೊಂದು ತಮಾಷೆ. ಅದಕ್ಕಿಂತ ಮುಖ್ಯವಾದ ಮಾತು: ಇದು ತೆರಿಗೆ ಕಟ್ಟೋಕೆ ಮಾಡಿಕೊಂಡ ಲೆಕ್ಕ. ಗೋಡೆಗೆ ಗೊತ್ತಿರೋ ಲೆಕ್ಕ ಅಲ್ಲ.

ಗೋಡೆ ಸವೆಯೋದು ನೀರಿನಿಂದ. ಒಂದು ಹೆಂಚು ಒಡೆದರೆ ತೊಲೆ ನೆನೆಯುತ್ತೆ. ತೊಲೆ ನೆನೆದರೆ ಗೆದ್ದಲು. ಹೆಂಚಿಗೆ ಹೋಗೋದು ನೂರಾರು ರೂಪಾಯಿ, ತೊಲೆಗೆ ಹೋಗೋದು ಲಕ್ಷ. ಇನ್ನೊಂದು ಶತ್ರು ಸಿಮೆಂಟು. ಸುಣ್ಣದ ಗಾರೆ ಉಸಿರಾಡುತ್ತೆ, ಒಳಗಿನ ತೇವ ಹೊರಗೆ ಬಿಡುತ್ತೆ. ಹಳೇ ಮೇಸ್ತ್ರಿಗಳು ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ವಾರಗಟ್ಟಲೆ ಕೊಳೆಸಿ ಅರೀತಿದ್ದರು. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತೆ, ಗೋಡೆ ಉದುರೋಕೆ ಶುರು. ನಮ್ಮ ಶಾಲೆಯ ಹಿಂದಿನ ಗೋಡೆ ಉದುರ್ತಾ ಇರೋದು ಹಾಗೇನೇ. ಕಟ್ಟಡ ಹಳೇದಾಗಿದ್ದಕ್ಕಲ್ಲ, ರಿಪೇರಿ ಮಾಡಿದ್ದಕ್ಕೆ!

ಕೆಜಿಎಫ್‌ನಲ್ಲಿ ಇನ್ನೊಂದು ಮಾತೂ ಇದೆ. ಗಣಿ ನಡೀತಿದ್ದಾಗ ನೆಲದಾಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ಅದುರ್ತಿದ್ದವು. ಹಾಗಾಗಿ ಇಲ್ಲಿನ ಯಾವುದೇ ಹಳೇ ಕಟ್ಟಡದ ಬಿರುಕನ್ನ ಎಂಜಿನಿಯರ್ ಬಂದು ನೋಡಲೇಬೇಕು. ಪ್ರೀತಿಯಿಂದ ಗೋಡೆ ನಿಲ್ಲಲ್ಲ.

ಹಿಂಬಾಗಿಲು

ಈಗ ಬೀರು ವಿಷಯಕ್ಕೆ ಬರ್ತೀನಿ.

ನಮ್ಮ ತಾತ ಬೇತಮಂಗಲದ ಕಡೆಯವರು. ಐವತ್ತು, ಅರವತ್ತರ ದಶಕದಲ್ಲಿ ದಿನಾ ಬೆಳಗಿನ ಜಾವ ಸೈಕಲ್ಲಲ್ಲಿ ಕೆಜಿಎಫ್‌ಗೆ ಹಾಲು ಹಾಕೋಕೆ ಹೋಗ್ತಿದ್ದರು. ಬಂಗಲೆಗಳಿಗೂ ಹಾಕ್ತಿದ್ದರು. 1956ರಲ್ಲಿ ಗಣಿ ಸರ್ಕಾರದ್ದಾಯಿತು. ಬಂಗಲೆಯಲ್ಲಿ ಯಾರಿದ್ದರೂ ತಾತನ ಪಾಲಿಗೆ ದೊರೆಗಳೇ. ನಾನು ಇಂಥ ಶಾಲೆಗೆ ಸೇರಿದೆ ಅಂತ ಗೊತ್ತಾದಾಗ ಅವರು ಕೇಳಿದ ಮೊದಲ ಮಾತು, "ಮುಂದಿನ ಬಾಗಿಲಲ್ಲಿ ಬಿಡ್ತಾರೇನಪ್ಪಾ?"

ಆಗ ಅರ್ಥ ಆಗಿರಲಿಲ್ಲ. ಬಂಗಲೆಯ ನಕ್ಷೆ ಅರ್ಥ ಮಾಡಿಕೊಂಡ ಮೇಲೆ ಅರ್ಥವಾಯಿತು. ಆ ಮನೆಯಲ್ಲಿ ಎರಡು ದಾರಿ. ಮುಂದೆ ಪೋರ್ಟಿಕೋ, ಮೆಟ್ಟಿಲು, ವೆರಾಂಡಾ, ಅದು ಮನೆಯವರಿಗೆ ಮತ್ತು ಅತಿಥಿಗಳಿಗೆ. ಹಿಂದೆ ಇನ್ನೊಂದು. ಅಡುಗೆಮನೆ ಮುಖ್ಯ ಕಟ್ಟಡದಿಂದ ದೂರ, ನಡುವೆ ಸೂರಿನ ದಾರಿ. ಹೊಗೆ, ಬೆಂಕಿ ಮನೆಗೆ ತಾಕಬಾರದು ಅನ್ನೋದು ಒಂದು ಕಾರಣ. ಅಡುಗೆಯವರು ಕಣ್ಣಿಗೆ ಬೀಳಬಾರದು ಅನ್ನೋದು ಇನ್ನೊಂದು. ಪ್ರತಿ ಬೆಡ್‌ರೂಮಿಗೆ ಬಾತ್‌ರೂಮು, ಪ್ರತಿ ಬಾತ್‌ರೂಮಿಗೆ ಹೊರಗಡೆಗೆ ಒಂದು ಚಿಕ್ಕ ಬಾಗಿಲು. ಪೈಪು, ಫ್ಲಷ್ ಇಲ್ಲದ ಕಾಲದಲ್ಲಿ ನೀರು ತುಂಬೋರು, ಮಲ ಹೊರೋರು ಆ ಬಾಗಿಲಿಂದ ಬಂದು ಆ ಬಾಗಿಲಿಂದಲೇ ಹೋಗಬೇಕು. ಮನೆಯೊಳಗೆ ಕಾಲಿಡೋ ಹಾಗಿಲ್ಲ. ಜಾತಿಯನ್ನ ನಾವು ಕಂಡುಹಿಡಿದಿದ್ದು ನಿಜ, ಆದರೆ ಅದನ್ನ ಇಟ್ಟಿಗೆಯಲ್ಲಿ ಕೂರಿಸೋಕೆ ಇಂಗ್ಲಿಷರಿಗೂ ಏನೂ ತಕರಾರು ಇರಲಿಲ್ಲ.

ಶಾಲೆಯಾದ ಮೇಲೆ ಆ ಚಿಕ್ಕ ಬಾಗಿಲುಗಳಿಗೆ ಒಂದೊಂದಾಗಿ ಮೊಳೆ ಬಿತ್ತು. ಮಕ್ಕಳು ಓಡಿ ಹೋಗ್ತಾರೆ, ಕಳ್ಳರು ಬರ್ತಾರೆ ಅಂತ. ನಾನು ಮೀಟಿಂಗಿನ ದಿನ ಸುತ್ತು ಹಾಕಿ ಎಣಿಸಿದೆ. ಹೊರಗಡೆಗೆ ತೆರೆಯೋ ಬಾಗಿಲು ಒಟ್ಟು ಹನ್ನೊಂದು. ಬಳಕೆಯಲ್ಲಿರೋದು ಎರಡು. ಉಳಿದವಕ್ಕೆ ಮೊಳೆ, ಬೀರು, ಇಲ್ಲ ಡೆಸ್ಕು.

2004ರ ಜುಲೈ 16 ನೆನಪಿದೆಯಾ? ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯೊಂದಕ್ಕೆ ಬೆಂಕಿ ಬಿತ್ತು. ಬಿಸಿಯೂಟದ ಅಡುಗೆಮನೆಯಿಂದ ಹುಲ್ಲಿನ ಚಾವಣಿಗೆ ಹತ್ತಿತ್ತು. ಇಕ್ಕಟ್ಟಾದ ದಾರಿ, ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ. 94 ಮಕ್ಕಳು ಸತ್ತರು. ನಾನಾಗ ಅದೇ ಬಂಗಲೆಯಲ್ಲಿ ಓದ್ತಿದ್ದೆ. ಮಾರನೇ ದಿನ ಪ್ರಾರ್ಥನೆಯಲ್ಲಿ ಎರಡು ನಿಮಿಷ ಮೌನ ನಿಂತಿದ್ದು ನೆನಪಿದೆ. ಮೌನ ನಿಂತೆವು, ಬಾಗಿಲು ಮಾತ್ರ ತೆಗೆಯಲಿಲ್ಲ. ಆ ದುರಂತದ ನಂತರದ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು, ಸುರಕ್ಷಿತ ಶಾಲೆ ಅನ್ನೋದೂ ಶಿಕ್ಷಣದ ಹಕ್ಕಿನ ಭಾಗ ಅಂತ ಹೇಳಿತು.

ಹೊಸ ಮೂರು ಫ್ಲೋರ್ ಕಟ್ಟಡದ ನಕ್ಷೆ ಮೀಟಿಂಗಲ್ಲಿ ತೋರಿಸಿದರು. ಚೆನ್ನಾಗೇ ಇತ್ತು. ಆದರೆ ಮೆಟ್ಟಿಲು ಒಂದೇ. ಮೇಲಿನ ಎರಡು ಫ್ಲೋರಿನ ಮಕ್ಕಳೆಲ್ಲ ಅದೇ ಮೆಟ್ಟಿಲಲ್ಲಿ ಇಳೀಬೇಕು. ಹಳೇ ಬಂಗಲೆಯಲ್ಲಿ ಎಲ್ಲಾ ಕೋಣೆನೂ ನೆಲದ ಮೇಲೆ, ಹೊರಗಡೆಗೆ ಹನ್ನೊಂದು ಬಾಗಿಲು. ಹೊಸದು ಸುರಕ್ಷಿತ, ಹಳೇದು ಅಪಾಯ ಅಂತ ನಾವೆಲ್ಲ ಅಂದುಕೊಂಡಿದ್ದು ಉಲ್ಟಾ ಇತ್ತು.

ನಾನು ಎದ್ದು ನಿಂತು ಕೇಳಿದ್ದು ಇಷ್ಟೇ: ಕೆಡವೋದೋ ಬಿಡೋದೋ ಆಮೇಲೆ ನೋಡೋಣ, ಈ ವಾರ ಮೊಳೆ ಕೀಳಿಸ್ತೀರಾ?

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿಂದ ಒಬ್ಬರು ತಾಯಿ, "ಬೀರು ಸರಿಸೋಕೆ ನಮ್ಮ ಮನೆಯವರು ಬರ್ತಾರೆ" ಅಂದರು. ಭಾನುವಾರ ಒಂಬತ್ತು ಜನ ಅಪ್ಪಂದಿರು, ನಾನು, ಒಬ್ಬ ಬಡಗಿ ಸೇರಿದ್ವಿ. ಆರು ಬಾಗಿಲು ತೆರೆದವು. ಮೂರರ ಚೌಕಟ್ಟು ಗೆದ್ದಲು ತಿಂದು ಹೋಗಿತ್ತು, ಅದು ಮುಂದಿನ ಕೆಲಸ. ತೆರೆದ ಬಾಗಿಲುಗಳಿಗೆ ಒಳಗಿಂದ ಮಗು ತೆಗೆಯಬಹುದಾದ ಚಿಲಕ ಹಾಕಿಸಿದ್ವಿ.

ಕಟ್ಟಡದ ತೀರ್ಮಾನ ಇನ್ನೂ ಆಗಿಲ್ಲ. ಎಂಜಿನಿಯರ್ ವರದಿ ಬರಬೇಕು. ಗೋಡೆ ನಿಲ್ಲಲ್ಲ ಅಂದರೆ ಕೆಡವೋದೇ ಸರಿ, ನನಗೇನೂ ಹಠ ಇಲ್ಲ. ನಿಲ್ಲುತ್ತೆ ಅಂದರೆ, ಹಿಂದಿನ ಜಾಗದಲ್ಲಿ ಹೊಸ ಕ್ಲಾಸ್‌ರೂಮು, ಶೌಚಾಲಯ ಕಟ್ಟಿ, ಬಂಗಲೆಗೆ ರ್‍ಯಾಂಪ್ ಹಾಕಿ, ಕತ್ತಲ ಹಾಲನ್ನ ಲೈಬ್ರರಿ ಮಾಡಬಹುದು ಅಂತ ಹೇಳಿದೀವಿ.

ನಿಮ್ಮೂರಲ್ಲೂ ಇದ್ದರೆ

ನಿಮ್ಮ ಮಕ್ಕಳ ಶಾಲೆ ಹಳೇ ಮನೆಯಲ್ಲಿದ್ದರೆ ನಾಲ್ಕು ವಿಷಯ ನೋಡಿ. ಹೊರಗಡೆಗೆ ಎಷ್ಟು ಬಾಗಿಲಿವೆ, ಎಷ್ಟು ತೆರೆಯುತ್ತವೆ, ಎಣಿಸಿ. ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಿದ್ದಾರಾ ಕೇಳಿ. ಸುಣ್ಣದ ಗೋಡೆ ಮೇಲೆ ಸಿಮೆಂಟ್ ಬಳೀತಾ ಇದ್ದರೆ ತಡೀರಿ. ಅಡುಗೆಮನೆ ಕ್ಲಾಸ್‌ರೂಮಿಂದ ದೂರ ಇದೆಯಾ ನೋಡಿ. ಇದಕ್ಕೆ ಯಾವ ಡಿಗ್ರಿನೂ ಬೇಡ.

ತಾತ ಈಗಿಲ್ಲ. ಅವರು ಹಾಲಿನ ಕ್ಯಾನ್ ಇಟ್ಟು ಕಾಯ್ತಿದ್ದಿದ್ದು ಇದೇ ಬಂಗಲೆಯ ಹಿಂಬಾಗಿಲೋ ಪಕ್ಕದ್ದರದ್ದೋ, ಕೇಳೋಕೆ ಆಗಲಿಲ್ಲ. ಭಾನುವಾರ ಕೊನೆಯ ಮೊಳೆ ಕಿತ್ತಾಗ ಬಾಗಿಲು ಕಿರ್ರ್ ಅಂತ ತೆರೆದುಕೊಂಡಿತು. ಅಕ್ಕನ ಮಗಳು ಅದರಿಂದ ಹೊರಗೆ ಓಡಿದಳು, ಮುಂದಿನ ಬಾಗಿಲಿಂದ ಒಳಗೆ ಬಂದಳು, ಮತ್ತೆ ಹೊರಗೆ ಓಡಿದಳು. ಅವಳಿಗೆ ಎರಡೂ ಒಂದೇ.

ಮುಂದಿನ ಸಂಚಿಕೆ ಮತ್ತೆ ಟೊಮೆಟೊ ಮಂಡಿಯಿಂದ.